ಐವತ್ತು ಜನರ ಪಂಕ್ತಿಗೆ ಒಡೆಯದ ಮಜ್ಜಿಗೆ ಹುಳಿ



‘ಹಾಲಿದ್ದಾಗಲೇ ಹಬ್ಬ ಮಾಡು’ ಎಂಬುದು ಹಿರಿಯರ ಗಾದೆ. ಆದರೆ ಹಾಲು ಕರೆಯುವ ನಮ್ಮ ಮನೆಗಳಲ್ಲೇ ಹಾಲಿದ್ದೂ ಹಬ್ಬ ಸಾಲದಲ್ಲಿ ನಡೆಯುವುದುಂಟು. ಎರಡು ಹೊತ್ತೂ ಕರೆದ ಹಾಲನ್ನೆಲ್ಲ ಸಂಘಕ್ಕೆ ಹಾಕಿ, ಮನೆಯಲ್ಲಿ ನಾಮಕರಣವೋ ಸೀಮಂತವೋ ಬಂದಾಗ ಪೇಟೆಯಿಂದ ಪನೀರು, ಮೊಸರು, ತರಕಾರಿ ಎಂದು ಚೀಟಿ ಬರೆದು ಕಳುಹಿಸುತ್ತೇವೆ. ಮನೆಯ ಮೊಸರಿನಿಂದಲೂ ಹಿತ್ತಿಲ ಕಾಯಿಯಿಂದಲೂ ಐವತ್ತು ಜನರಿಗೆ ಬಡಿಸಬಹುದಾದ, ಯಾರೂ ಕಡಿಮೆಯೆಂದು ಹೇಳಲಾಗದ ಬಿಸಿ ಪದಾರ್ಥವೊಂದು ನಮ್ಮಲ್ಲಿ ಬಹಳ ಕಾಲದಿಂದಲೂ ಇದೆ. ಅದೇ ಮಜ್ಜಿಗೆ ಹುಳಿ. ಅನ್ನಕ್ಕೆ ಕಲಸಿಕೊಳ್ಳಬಹುದು, ರೊಟ್ಟಿ, ಮುದ್ದೆ, ಅಂಬೊಡೆಗಳನ್ನು ಅದ್ದಿಕೊಂಡು ತಿನ್ನಬಹುದು.

ಹಾಗಿದ್ದರೂ ದೊಡ್ಡ ಪಂಕ್ತಿಗೆ ಮಜ್ಜಿಗೆ ಹುಳಿ ಮಾಡಲು ಅನೇಕ ಗೃಹಿಣಿಯರು ಹಿಂಜರಿಯುತ್ತಾರೆ. ಕಾರಣ ಒಂದೇ: ‘ಒಡೆದುಹೋದರೆ?’ ಎಂಬ ಭಯ.

ಈ ಭಯ ಸುಳ್ಳಲ್ಲ. ಕೆಲವು ತಿಂಗಳ ಹಿಂದೆ ಸದಸ್ಯರೊಬ್ಬರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಎಲೆ ಹಾಕಿ ಆಗಿತ್ತು, ಜನ ಕುಳಿತಾಗಿತ್ತು. ಅಡುಗೆಮನೆಯಿಂದ ಮಾತ್ರ ಯಾರೂ ಹೊರಗೆ ಬರಲಿಲ್ಲ. ಒಳಗೆ ಹೋಗಿ ನೋಡಿದರೆ ದೊಡ್ಡ ಪಾತ್ರೆಯಲ್ಲಿ ನೀರು ಒಂದು ಕಡೆ, ತರಿತರಿಯಾದ ಮೊಸರು ಒಂದು ಕಡೆ ನಿಂತಿತ್ತು. ಮನೆಯ ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ಮೊಸರು ಎಷ್ಟು ದಿನದ್ದು ತಾಯಿ?” ಎಂದು ಕೇಳಿದೆ.

“ಮೂರು ದಿನದ್ದು ಸರ್. ದಿನಾ ಉಳಿದ ಹಾಲನ್ನ ಅದರ ಮೇಲೇ ಹಾಕ್ತಾ ಬಂದೆ. ಅಷ್ಟೂ ಬೇಕಾಗಿತ್ತಲ್ಲ.”

“ಮತ್ತೆ ಕೊತಕೊತ ಕುದಿಯೋವಾಗ ಸುರಿದುಬಿಟ್ಟಳು. ಉರಿ ತೆಗಿಯವ್ವಾ ಅಂತ ನಾನು ಕೂಗೋದ್ರಲ್ಲಿ ಆಗಿಹೋಗಿತ್ತು” ಎಂದರು ಮೂಲೆಯಲ್ಲಿ ಕುಳಿತಿದ್ದ ಅತ್ತೆ.

ಕೇವಲ ಈ ಎರಡು ಮಾತಿನಲ್ಲಿ ಮಜ್ಜಿಗೆ ಹುಳಿ ಒಡೆಯುವುದರ ಕಾರಣವೆಲ್ಲ ಅಡಗಿದೆ. ಅದನ್ನು ಸ್ವಲ್ಪ ಬಿಡಿಸಿ ತಿಳಿದುಕೊಂಡರೆ ಭಯಕ್ಕೆ ಅವಕಾಶವೇ ಇಲ್ಲ.

ಮೊಸರು ಏಕೆ ಒಡೆಯುತ್ತದೆ?

ಹಸುವಿನ ಹಾಲಿನಲ್ಲಿ ಶೇಕಡಾ 87ರಷ್ಟು ನೀರೇ ಇರುತ್ತದೆ. ಉಳಿದದ್ದರಲ್ಲಿ ಜಿಡ್ಡು, ಸಕ್ಕರೆ, ಲವಣಗಳ ಜೊತೆಗೆ ಸಸಾರಜನಕ, ಅಂದರೆ ಪ್ರೋಟೀನು ಇದೆ. ಈ ಪ್ರೋಟೀನಿನ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಕೇಸೀನ್ ಎಂಬುದು. ತಾಜಾ ಹಾಲಿನಲ್ಲಿ ಕೇಸೀನು ಕಣ್ಣಿಗೆ ಕಾಣದ ಸಣ್ಣ ಕಣಗಳಾಗಿ ಬಿಡಿಬಿಡಿಯಾಗಿ ತೇಲಾಡುತ್ತಿರುತ್ತದೆ.

ಹೆಪ್ಪು ಹಾಕಿದಾಗ ಅದರಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಹುಳಿ ಏರಿದಂತೆ ಕೇಸೀನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ಬಲೆಯಂತಾಗುತ್ತವೆ. ಆ ಬಲೆಯೊಳಗೆ ನೀರು, ಜಿಡ್ಡು ಎಲ್ಲವೂ ಸಿಕ್ಕಿಕೊಂಡು ನಿಲ್ಲುತ್ತದೆ. ಇದೇ ಗಟ್ಟಿ ಮೊಸರು.

ಈ ಬಲೆಗೆ ಜೋರಾಗಿ ಶಾಖ ತಗುಲಿದರೆ ಅದು ಕುಗ್ಗುತ್ತದೆ. ಒದ್ದೆ ಬಟ್ಟೆ ಹಿಂಡಿದಂತೆ ಒಳಗಿನ ನೀರು ಹೊರಗೆ ಬರುತ್ತದೆ, ಕೇಸೀನು ತರಿಯಾಗಿ ಉಳಿಯುತ್ತದೆ. ಇದನ್ನೇ ನಾವು ‘ಒಡೆಯಿತು’ ಎನ್ನುತ್ತೇವೆ. ಮೊಸರು ಹುಳಿಯಾದಷ್ಟೂ, ಶಾಖ ಹೆಚ್ಚಾದಷ್ಟೂ, ಕುದಿಯುವ ಕಾಲ ಉದ್ದವಾದಷ್ಟೂ ಒಡೆಯುವುದು ಬೇಗ. ಕೆನೆ ತೆಗೆದ, ಜಿಡ್ಡಿಲ್ಲದ ಮೊಸರು ಇನ್ನೂ ಬೇಗ ಒಡೆಯುತ್ತದೆ.

ಕಡಲೆಬೇಳೆಯ ಕೆಲಸ

ಮಜ್ಜಿಗೆ ಹುಳಿಗೆ ನೆನೆಸಿದ ಕಡಲೆಬೇಳೆ ರುಬ್ಬಿ ಹಾಕುವುದು ಬರೀ ರುಚಿಗಲ್ಲ. ಬೇಳೆಯ ಹಿಟ್ಟಿನ ಅಂಶ ಬೆಂದಾಗ ನೀರು ಹೀರಿ ಉಬ್ಬುತ್ತದೆ, ರಸವನ್ನು ಮಂದ ಮಾಡುತ್ತದೆ. ಕೇಸೀನ್ ಕಣಗಳ ನಡುವೆ ಸೇರಿಕೊಂಡು ಅವು ಗಂಟುಕಟ್ಟದಂತೆ ತಡೆಯುತ್ತದೆ. ಒಡೆಯುವುದನ್ನು ತಪ್ಪಿಸುವ ಕಾವಲುಗಾರ ಎಂದರೆ ಈ ಬೇಳೆಯೇ. ಕೆಲವರು ಇದರ ಬದಲು ಒಂದು ಹಿಡಿ ನೆನೆಸಿದ ಅಕ್ಕಿ ಹಾಕುತ್ತಾರೆ. ಅದೂ ಇದೇ ಕೆಲಸ ಮಾಡುತ್ತದೆ.

ಈ ಉಪಾಯ ನಮ್ಮೊಬ್ಬರದೇ ಅಲ್ಲ. 1946ರಲ್ಲಿಯೇ ಹಾಲು ಒಕ್ಕೂಟ ಕಟ್ಟಿಕೊಂಡ ಗುಜರಾತಿನ ಖೇಡಾ ಜಿಲ್ಲೆಯ ಕಡೆ ಮಾಡುವ ‘ಕಢಿ’ಗೆ ಮೊಸರಿನ ಜೊತೆ ಕಡಲೆಹಿಟ್ಟು ಕದಡುತ್ತಾರೆ. ತಮಿಳುನಾಡಿನ ‘ಮೋರ್ ಕುಳಂಬು’ ಕೂಡ ನಮ್ಮ ಮಜ್ಜಿಗೆ ಹುಳಿಯ ಅಕ್ಕನೋ ತಂಗಿಯೋ ಆಗಬೇಕು. ಹೆಸರು ಬೇರೆ, ಒಳಗುಟ್ಟು ಒಂದೇ.

ಮೊಸರಿನ ತಯಾರಿ

ಸಮಾರಂಭದ ಹಿಂದಿನ ದಿನ ಸಂಜೆಯ ಹಾಲಿನಲ್ಲಿ 3 ಲೀಟರ್ ಮನೆಗೆ ಎತ್ತಿಡಿ. ಉಳಿದದ್ದನ್ನು ಎಂದಿನಂತೆ ಸಂಘಕ್ಕೆ ಹಾಕಿ. ‘ಮನೆಗೆ ತೆಗೆದ 3 ಲೀಟರನ್ನು ನೀರಿನಿಂದ ಸರಿಮಾಡೋಣ’ ಎಂಬ ಯೋಚನೆ ಯಾರಿಗೂ ಬರುವುದು ಬೇಡ. ಪರೀಕ್ಷೆಯಲ್ಲಿ ಜಿಡ್ಡು, ಜಿಡ್ಡೇತರ ಘನಾಂಶ ಎರಡೂ ಇಳಿದು ದರ ಕಡಿಮೆಯಾಗುತ್ತದೆ. ಊರಿನ ಹಾಲೆಲ್ಲ ಒಂದೇ ಕಡೆ ಕೂಡುವುದರಿಂದ ಒಬ್ಬರ ತಪ್ಪಿಗೆ ಎಲ್ಲರೂ ತಲೆ ತಗ್ಗಿಸಬೇಕಾಗುತ್ತದೆ. ಒಂದು ಹೊತ್ತು 3 ಲೀಟರ್ ಕಡಿಮೆ ಹಾಕುವುದರಲ್ಲಿ ಅವಮಾನವೇನೂ ಇಲ್ಲ.

ಹಾಲನ್ನು ಚೆನ್ನಾಗಿ ಕಾಯಿಸಿ, ಕಿರುಬೆರಳು ಅದ್ದಿದರೆ ಹಿತವಾಗಿ ಬೆಚ್ಚಗಿರುವಷ್ಟು ಆರಿಸಿ. ಲೀಟರಿಗೆ ಎರಡು ಚಮಚೆಯಂತೆ ಅಂದಿನದೇ ಒಳ್ಳೆಯ ಮೊಸರನ್ನು ಹೆಪ್ಪು ಹಾಕಿ ಮುಚ್ಚಿಡಿ. ಬೇಸಿಗೆಯಲ್ಲಿ ಆರೇಳು ಗಂಟೆಗೆ, ಚಳಿಗಾಲದಲ್ಲಿ ಹತ್ತು ಹನ್ನೆರಡು ಗಂಟೆಗೆ ಮೊಸರಾಗುತ್ತದೆ. ಮಜ್ಜಿಗೆ ಹುಳಿಗೆ ತುಸು ಹುಳಿ ಬೇಕು, ಹಲ್ಲು ಚುಳ್ಳೆನ್ನುವ ಹುಳಿ ಬೇಡ.

ಒಂದು ವೇಳೆ ಮೊಸರು ಹುಳಿಯಾಗಿಹೋದರೆ ಚೆಲ್ಲಬೇಡಿ. ತಣ್ಣೀರು ಸೇರಿಸಿ ಕದಡದೆ ಅರ್ಧ ಗಂಟೆ ಇಟ್ಟರೆ ಹುಳಿನೀರು ಮೇಲೆ ನಿಲ್ಲುತ್ತದೆ. ಅದನ್ನು ಮೆಲ್ಲಗೆ ಬಸಿದು ಕೆಳಗಿನ ಗಟ್ಟಿಯನ್ನು ಉಪಯೋಗಿಸಿ. ಬೆಣ್ಣೆ ತೆಗೆದ ಮಜ್ಜಿಗೆಯನ್ನೂ ಉಪಯೋಗಿಸಬಹುದು. ಆಗ ಬೇರೆ ನೀರು ಸೇರಿಸಬೇಡಿ, ಕಡಲೆಬೇಳೆಯನ್ನು ಒಂದು ಹಿಡಿ ಹೆಚ್ಚು ಹಾಕಿ.

ಯಾವ ಹಾಲು ಬೇಡ?

ಇಲ್ಲೊಂದು ಮುಖ್ಯ ಮಾತು. ಕೆಚ್ಚಲು ಬಾವಿಗೋ ಬೇರೆ ಕಾಯಿಲೆಗೋ ಔಷಧ, ಇಂಜೆಕ್ಷನ್ ಕೊಡಿಸಿದ ರಾಸಿನ ಹಾಲನ್ನು ಸಂಘಕ್ಕೆ ಹಾಕಬಾರದೆಂದು ಸದಸ್ಯರು ಈಗ ಬಲ್ಲರು. ಆದರೆ ಆ ಹಾಲನ್ನು ‘ಚೆಲ್ಲುವುದೇಕೆ’ ಎಂದು ಮನೆಯ ಮೊಸರಿಗೆ ಇಟ್ಟುಕೊಳ್ಳುವವರನ್ನು ನೋಡಿದ್ದೇವೆ. ಇದು ಸರಿಯಲ್ಲ. ಔಷಧದ ಅಂಶ ಹೆಪ್ಪಿನ ಸೂಕ್ಷ್ಮಜೀವಿಗಳನ್ನೇ ಕೊಲ್ಲುವುದರಿಂದ ಮೊಸರು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಬರೀ ಕಾಯಿಸಿದರೆ ಆ ಅಂಶ ಪೂರ್ತಿ ಹೋಗುವುದೂ ಇಲ್ಲ. ಪಶುವೈದ್ಯರು ಹೇಳಿದ ದಿನಗಳು ಮುಗಿಯುವವರೆಗೆ ಆ ಹಾಲು ಯಾರ ಹೊಟ್ಟೆಗೂ ಬೇಡ. ಪಟ್ಟಣದ ಗ್ರಾಹಕರಿಗೆ ಬೇಡವಾದದ್ದು ನಮ್ಮ ಮಕ್ಕಳಿಗೆ, ನಮ್ಮ ನೆಂಟರಿಗೆ ಹೇಗೆ ಆದೀತು?

ಕರು ಹಾಕಿದ ಮೊದಲ ದಿನಗಳ ಗಿಣ್ಣುಹಾಲನ್ನೂ ಹೆಪ್ಪಿನ ಹಾಲಿಗೆ ಬೆರೆಸಬೇಡಿ. ಕಾಯಿಸುವಾಗಲೇ ಗಟ್ಟಿಯಾಗುತ್ತದೆ.

ತರಕಾರಿಯ ಆಯ್ಕೆ

ಮಜ್ಜಿಗೆ ಹುಳಿಗೆ ಬೂದುಗುಂಬಳಕ್ಕೆ ಸಮನಾದ ಕಾಯಿ ಇಲ್ಲ. ತಿಪ್ಪೆಯ ಬದಿಯಲ್ಲಿ ನಾಲ್ಕು ಬೀಜ ಊರಿದರೆ ಸಗಣಿಯ ಸಾರದಲ್ಲಿ ತಾನೇ ಹಬ್ಬುತ್ತದೆ. ಚೆನ್ನಾಗಿ ಬಲಿತು ಬೂದಿ ಕಟ್ಟಿದ ಕಾಯಿಯನ್ನು ಗಾಯವಾಗದಂತೆ ಕೊಯ್ದು ಅಟ್ಟದ ಮೇಲೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸಮಾರಂಭ ಗೊತ್ತಾದ ದಿನದಿಂದಲೇ ಕಾಯಿ ಕೂಡಿಡಬಹುದು.

ಬೂದುಗುಂಬಳ ಇಲ್ಲದಿದ್ದರೆ ಸಾಂಬಾರು ಸೌತೆ, ಸೀಮೆಬದನೆ, ಸೋರೆಕಾಯಿ, ಎಳೆ ಪರಂಗಿಕಾಯಿ, ದಂಟು, ಬಸಳೆ ಯಾವುದಾದರೂ ಆದೀತು. ಬೆಂಡೆಕಾಯಿಯಾದರೆ ಮೊದಲು ಎಣ್ಣೆಯಲ್ಲಿ ಬಾಡಿಸಿ ಲೋಳೆ ಕಳೆಯಬೇಕು. ಸೋರೆಕಾಯಿಯನ್ನು ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ತಾಗಿಸಿ ನೋಡಿ. ಕಹಿಯಿದ್ದರೆ ಬಿಸಾಡಿಬಿಡಿ. ಕಹಿ ಸೋರೆ ವಿಷಕಾರಿ.

ಐವತ್ತು ಜನರಿಗೆ ಬೇಕಾಗುವ ಸಾಮಾನು

ಬೂದುಗುಂಬಳ – 4 ಕಿಲೋ (ಸಿಪ್ಪೆ, ತಿರುಳು ತೆಗೆದ ಮೇಲೆ ಸುಮಾರು 3 ಕಿಲೋ)
ಮೊಸರು – 3 ಲೀಟರ್
ಕಡಲೆಬೇಳೆ – 300 ಗ್ರಾಂ
ತೆಂಗಿನಕಾಯಿ – 3
ಹಸಿಮೆಣಸಿನಕಾಯಿ – 100 ಗ್ರಾಂ (ಖಾರ ನೋಡಿಕೊಂಡು)
ಹಸಿಶುಂಠಿ – 50 ಗ್ರಾಂ
ಜೀರಿಗೆ, ಕೊತ್ತಂಬರಿ ಬೀಜ – ತಲಾ 3 ದೊಡ್ಡ ಚಮಚೆ
ಕೊತ್ತಂಬರಿ ಸೊಪ್ಪು – 2 ಕಟ್ಟು
ಅರಿಶಿನ – 2 ಸಣ್ಣ ಚಮಚೆ
ಉಪ್ಪು – ಸುಮಾರು 100 ಗ್ರಾಂ
ನೀರು – ಒಟ್ಟು 2 ಲೀಟರ್
ಒಗ್ಗರಣೆಗೆ – ಎಣ್ಣೆ ಅಥವಾ ತುಪ್ಪ 100 ಗ್ರಾಂ, ಸಾಸಿವೆ 3 ಸಣ್ಣ ಚಮಚೆ, ಬ್ಯಾಡಗಿ ಮೆಣಸಿನಕಾಯಿ 8, ಇಂಗು, ಕರಿಬೇವು

ಇಷ್ಟರಿಂದ ಎಂಟು ಲೀಟರಿಗಿಂತ ಸ್ವಲ್ಪ ಹೆಚ್ಚು ಹುಳಿಯಾಗುತ್ತದೆ. ಒಬ್ಬರಿಗೆ ಎರಡು ಸೌಟು ಧಾರಾಳವಾಗಿ ಬಡಿಸಬಹುದು.

ಮಾಡುವ ಕ್ರಮ

1. ಕಡಲೆಬೇಳೆ ಮತ್ತು ಕೊತ್ತಂಬರಿ ಬೀಜವನ್ನು ಎರಡು ಗಂಟೆ ನೆನೆಸಿ. ನೀರು ಬಸಿದು, ತೆಂಗಿನತುರಿ, ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಕೊತ್ತಂಬರಿ ಸೊಪ್ಪಿನೊಂದಿಗೆ ನುಣ್ಣಗೆ ರುಬ್ಬಿ. ತರಿ ಉಳಿದರೆ ಹುಳಿ ಒಡೆಯದಿದ್ದರೂ ಒಡೆದಂತೆ ಕಾಣುತ್ತದೆ.

2. ಕಾಯಿಯನ್ನು ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿ, ಒಂದೂವರೆ ಲೀಟರ್ ನೀರು, ಅರಿಶಿನ, ಉಪ್ಪು ಹಾಕಿ ಬೇಯಿಸಿ. ಬೂದುಗುಂಬಳ ತಾನೂ ನೀರು ಬಿಡುವುದರಿಂದ ಹೆಚ್ಚು ನೀರು ಬೇಡ. ಹೋಳು ಬೇಯಬೇಕು, ಕರಗಬಾರದು.

3. ರುಬ್ಬಿದ್ದನ್ನು ಉಳಿದ ಅರ್ಧ ಲೀಟರ್ ನೀರಿನಲ್ಲಿ ಕದಡಿ ಬೆಂದ ಹೋಳಿಗೆ ಸೇರಿಸಿ. ತಳ ಹಿಡಿಯದಂತೆ ಕೈಯಾಡಿಸುತ್ತ ಹತ್ತು ನಿಮಿಷ ಕುದಿಸಿ. ಬೇಳೆಯ ಹಸಿ ವಾಸನೆ ಹೋಗಿ ರಸ ಮಂದವಾಗಬೇಕು. ಕುದಿಸುವ ಕೆಲಸವೆಲ್ಲ ಇಲ್ಲಿಗೇ ಮುಗಿಯಿತು ಎಂದು ತಿಳಿಯಿರಿ.

4. ಈಗ ಉರಿ ತಗ್ಗಿಸಿ. ಸೌದೆ ಒಲೆಯಾದರೆ ಸೌದೆಯನ್ನು ಹೊರಗೆಳೆದು ಕೆಂಡ ಮಾತ್ರ ಉಳಿಸಿ. ಐದು ನಿಮಿಷ ಹಾಗೇ ಬಿಡಿ.

5. ಅಷ್ಟರಲ್ಲಿ ಮೊಸರನ್ನು ಒಂದೂ ಗಂಟಿಲ್ಲದಂತೆ ಕಡೆಗೋಲಿನಿಂದ ಕಡೆಯಿರಿ. ಬೆಣ್ಣೆ ಬರುವಷ್ಟು ಕಡೆಯಬಾರದು. ಪಾತ್ರೆಯಿಂದ ನಾಲ್ಕೈದು ಸೌಟು ಬಿಸಿ ರಸವನ್ನು ಒಂದೊಂದಾಗಿ ಮೊಸರಿಗೆ ಬೆರೆಸಿ ಮೊಸರನ್ನೇ ಮೊದಲು ಬೆಚ್ಚಗೆ ಮಾಡಿಕೊಳ್ಳಿ. ತಣ್ಣನೆಯ ಮೊಸರು ಒಮ್ಮೆಗೇ ಬಿಸಿಗೆ ಬೀಳದಂತೆ ನೋಡಿಕೊಳ್ಳುವುದೇ ಇದರ ಉದ್ದೇಶ.

6. ಬೆಚ್ಚಗಾದ ಮೊಸರನ್ನು ನಿಧಾನವಾಗಿ ಪಾತ್ರೆಗೆ ಸುರಿಯುತ್ತ, ಇನ್ನೊಂದು ಕೈಯಿಂದ ಬಿಡದೆ ತಿರುಗಿಸುತ್ತಿರಿ. ಅಂಚಿನಲ್ಲಿ ನೊರೆ ಎದ್ದು ಆವಿ ಬಂದ ಕೂಡಲೇ ಕೆಳಗಿಳಿಸಿ. ಕುದಿ ಬರಬಾರದು.

7. ಒಗ್ಗರಣೆ ಕೊಡಿ. ಐದು ನಿಮಿಷ ಮುಚ್ಚದೆ ಬಿಡಿ. ಬಿಸಿ ಇರುವಾಗಲೇ ಪೂರ್ತಿ ಮುಚ್ಚಿದರೆ ಆವಿಯ ನೀರು ಬಿದ್ದು ಮೇಲೆ ತೆಳ್ಳಗಾಗುತ್ತದೆ.

ನೂರು ಜನರಿಗೆ ಮಾಡುವಾಗ ಒಂದೇ ದೊಡ್ಡ ಪಾತ್ರೆಗಿಂತ ಎರಡು ಪಾತ್ರೆ ಮೇಲು. ದೊಡ್ಡ ಪಾತ್ರೆ ಬೇಗ ಆರುವುದಿಲ್ಲ, ಕೆಳಗಿಳಿಸಿದ ಮೇಲೂ ತಳದಲ್ಲಿ ಕುದಿ ಇರುತ್ತದೆ. ಮಿಕ್ಕ ಸಾಮಾನು ಎರಡರಷ್ಟಾದರೂ ಮೆಣಸಿನಕಾಯಿಯನ್ನು ಒಂದೂಮುಕ್ಕಾಲರಷ್ಟು ಹಾಕಿ ರುಚಿ ನೋಡಿಕೊಳ್ಳಿ.

ಸಂಜೆಯ ಕೂಟಕ್ಕೆ

ಮಗುವಿನ ಹುಟ್ಟುಹಬ್ಬದಂತಹ ಸಂಜೆಯ ಕೂಟಕ್ಕೆ ಎಲೆ ಊಟ ಬೇಕಿಲ್ಲದಿದ್ದರೆ ಇದನ್ನೇ ಗಟ್ಟಿಯಾಗಿ ಮಾಡಬಹುದು. ನೀರನ್ನು ಅರ್ಧಕ್ಕೆ ಇಳಿಸಿ, ಹೋಳನ್ನು ಸಣ್ಣಗೆ ಹೆಚ್ಚಿ ಸೌಟಿನಿಂದ ತುಸು ಮಸೆಯಿರಿ. ಚಿಕ್ಕ ಬಟ್ಟಲಿನಲ್ಲಿ ಬಿಸಿಬಿಸಿಯಾಗಿ ಕೊಟ್ಟು, ಪಕ್ಕದಲ್ಲಿ ಅಕ್ಕಿರೊಟ್ಟಿಯ ತುಂಡು, ಅಂಬೊಡೆ, ಬೋಂಡ ಇಟ್ಟರೆ ಮಕ್ಕಳು ಅದ್ದಿ ಅದ್ದಿ ತಿನ್ನುತ್ತಾರೆ. ಖಾರ ಮಾತ್ರ ಅರ್ಧ ಸಾಕು.

ಒಡೆದೇ ಬಿಟ್ಟರೆ?

ಗಾಬರಿಯಾಗಬೇಡಿ. ಕೂಡಲೇ ಪಾತ್ರೆಯನ್ನು ಒಲೆಯಿಂದ ಇಳಿಸಿ. ಎರಡು ಹಿಡಿ ಅಕ್ಕಿಹಿಟ್ಟು ಅಥವಾ ಕಡಲೆಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಬೇರೆ ಪಾತ್ರೆಯಲ್ಲಿ ಗಂಜಿಯಂತೆ ಬೇಯಿಸಿ. ಹೋಳನ್ನು ಜಾಲರಿ ಸೌಟಿನಿಂದ ತೆಗೆದಿಟ್ಟು, ಉಳಿದ ರಸಕ್ಕೆ ಈ ಗಂಜಿ ಸೇರಿಸಿ ಕಡೆಗೋಲಿನಿಂದ ಚೆನ್ನಾಗಿ ಕಡೆಯಿರಿ. ಮತ್ತೆ ಹೋಳು ಹಾಕಿ. ಪೂರ್ತಿ ಮೊದಲಿನಂತೆ ಆಗದಿದ್ದರೂ ಬಡಿಸುವಂತಾಗುತ್ತದೆ. ಒಡೆದ ಹುಳಿ ನೋಟಕ್ಕೆ ಕೆಟ್ಟಿತೇ ಹೊರತು ತಿನ್ನಲು ಕೆಟ್ಟದ್ದಲ್ಲ. ಆ ನಾಮಕರಣದ ಮನೆಯಲ್ಲೂ ಹೀಗೆಯೇ ಮಾಡಿದೆವು. ಕಾಲು ಗಂಟೆ ತಡವಾಯಿತು. ಎಲೆಯಲ್ಲಿ ಯಾರೂ ಬಿಡಲಿಲ್ಲ.

ಗಮನಿಸಬೇಕಾದ ಇತರ ಅಂಶಗಳು

* ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಜ್ಜಿಗೆ ಹುಳಿ ಮಾಡಲೇಬಾರದು. ಹುಳಿಗೆ ಲೋಹ ಬಿಟ್ಟುಕೊಂಡು ವಾಂತಿಯಾಗಬಹುದು. ಸ್ಟೀಲ್ ಪಾತ್ರೆ ಅಥವಾ ಕಲಾಯಿ ಮಾಡಿಸಿದ ಪಾತ್ರೆ ಒಳ್ಳೆಯದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಪದಾರ್ಥ ಇಟ್ಟುಬಿಡಬಾರದು.

* ಹುಳಿ ಕಡಿಮೆ ಮಾಡಲೆಂದು ಅಡುಗೆ ಸೋಡಾ ಹಾಕಬೇಡಿ. ರುಚಿ ಕೆಡುತ್ತದೆ.

* ತೆಂಗಿನಕಾಯಿ ಇರುವುದರಿಂದ ಬೇಸಿಗೆಯಲ್ಲಿ ಬೇಗ ಹಳಸುತ್ತದೆ. ಮಾಡಿದ ಮೂರು ನಾಲ್ಕು ಗಂಟೆಯೊಳಗೆ ಬಡಿಸಿ ಮುಗಿಸಿ. ಎರಡನೆಯ ಪಂಕ್ತಿ ತಡವಾಗುವುದಿದ್ದರೆ ಹೋಳು-ಮಸಾಲೆಯ ಅರ್ಧ ಭಾಗವನ್ನು ಬೇರೆ ಇಟ್ಟು, ಆ ಹೊತ್ತಿಗೆ ಮತ್ತೆ ಚೆನ್ನಾಗಿ ಕುದಿಸಿ, ಉರಿ ತಗ್ಗಿಸಿ ಮೊಸರು ಸೇರಿಸಿ.

* ಮೊಸರು ಸೇರಿಸಿದ ಹುಳಿಯನ್ನು ಮತ್ತೆ ಮತ್ತೆ ಬಿಸಿ ಮಾಡಬೇಡಿ. ಬಿಸಿ ಬೇಕಾದರೆ ಪಾತ್ರೆಯನ್ನು ಬಿಸಿನೀರಿನ ಹಂಡೆಯಲ್ಲಿ ಇರಿಸಿ.

ಖರ್ಚಿನ ಲೆಕ್ಕ

ದರಗಳು ಊರಿಂದೂರಿಗೆ, ಕಾಲದಿಂದ ಕಾಲಕ್ಕೆ ಬದಲಾಗುವುದರಿಂದ ಲೆಕ್ಕವನ್ನು ಹಾಲಿನಲ್ಲೇ ಹೇಳುತ್ತೇವೆ. ಒಂದು ಕಿಲೋ ಪನೀರಿಗೆ ಹಸುವಿನ ಹಾಲು ಸುಮಾರು 6 ಲೀಟರ್ ಬೇಕು. ಐವತ್ತು ಜನರಿಗೆ ತಲಾ 60 ಗ್ರಾಂ ಪನೀರು ಎಂದರೆ 3 ಕಿಲೋ, ಅಂದರೆ 18 ಲೀಟರ್ ಹಾಲಿನ ಬೆಲೆ. ಅದರ ಮೇಲೆ ತಯಾರಿಕೆ, ಸಾಗಣೆ, ಅಂಗಡಿಯ ಲಾಭ. ಮಜ್ಜಿಗೆ ಹುಳಿಗೆ ಬೇಕಾದದ್ದು 3 ಲೀಟರ್ ಹಾಲು. ಸಂಘದಲ್ಲಿ ನಿಮಗೆ ಸಿಗುವ ದರದಿಂದ ಅದನ್ನು ಗುಣಿಸಿ ನೋಡಿ. ಕಾಯಿ ಹಿತ್ತಿಲಿನದು, ಕರಿಬೇವು ಬೇಲಿಯದು. ಕೊಂಡು ತರಬೇಕಾದದ್ದು ಬೇಳೆ, ಮೆಣಸಿನಕಾಯಿ, ಒಗ್ಗರಣೆಯ ಸಾಮಾನು. ಮರವಿಲ್ಲದವರಿಗೆ ತೆಂಗಿನಕಾಯಿ ಒಂದೇ ದೊಡ್ಡ ಖರ್ಚು.

ಪನೀರು ಮಾಡಬಾರದು ಎಂದು ನಾವು ಹೇಳುತ್ತಿಲ್ಲ. ಅದೂ ನಮ್ಮ ಹಾಲಿನದೇ ಪದಾರ್ಥ, ಶಕ್ತಿಯಿದ್ದವರು ಮಾಡಲಿ. ಆದರೆ ನಾಲ್ಕು ಜನ ಮೆಚ್ಚಲೆಂದು ಕೈಸಾಲ ಮಾಡಿ, ಮುಂದಿನ ಮೂರು ತಿಂಗಳ ಹಾಲಿನ ಬಟವಾಡೆಯನ್ನು ಬಡ್ಡಿಗೆ ಕಟ್ಟುವುದು ಯಾವ ಸಂಭ್ರಮ?

ಒಟ್ಟಿನಲ್ಲಿ ನೆನಪಿಡಬೇಕಾದದ್ದು ನಾಲ್ಕೇ ಮಾತು: ಅಂದಿನ ಮೊಸರು, ಸಾಕಷ್ಟು ಬೇಳೆ, ಮೊಸರು ಬೀಳುವ ಮೊದಲೇ ಕುದಿ ಮುಗಿಸುವುದು, ಮೊಸರು ಬಿದ್ದ ಮೇಲೆ ಕುದಿಸದಿರುವುದು. ಇಷ್ಟು ಪಾಲಿಸಿದರೆ ಐವತ್ತೇಕೆ, ಇನ್ನೂರು ಜನರ ಪಂಕ್ತಿಗೂ ಮಜ್ಜಿಗೆ ಹುಳಿ ಒಡೆಯುವುದಿಲ್ಲ. ಊರಿಗೆಲ್ಲ ಹಾಲು ಕೊಡುವ ಕೈ ತನ್ನ ಮನೆಯ ನೆಂಟರಿಗೂ ತನ್ನದೇ ಹಾಲಿನಿಂದ ಮಾಡಿ ಬಡಿಸಲಿ. ಮುಂದಿನ ಸಮಾರಂಭಕ್ಕೆ 3 ಲೀಟರ್ ಎತ್ತಿಡಲು ಮರೆಯಬೇಡಿ.